ಟೀವಿಗೆ ಹಾಕಿದ ಹಾರ

ಟೀವಿ ಆರಿಸಿದೊಡನೆ ಅದರ ಕರಿ ಗಾಜಿನೊಳಗೆ ನಮ್ಮ ಪಡಸಾಲೆ ಮೂಡುತ್ತಿತ್ತು. ಕಿಟಕಿ, ಬಾಗಿಲು, ಎದುರಿನ ಕುರ್ಚಿ, ಕುರ್ಚಿಯಲ್ಲಿ ನನ್ನ ಗಂಡ ಗುರುಪಾದ. ಎಲ್ಲವೂ ಇದ್ದುದಕ್ಕಿಂತ ತುಸು ಕಪ್ಪಾಗಿ, ತುಸು ದೂರವಾಗಿ.

ಹಳೆಯ ಟೀವಿ ಮೇಜಿನ ಮೇಲಿತ್ತು. ಅದಕ್ಕೆ ನಾನೇ ಕಸೂತಿ ಹಾಕಿದ ಹೊದಿಕೆ, ಅದರ ಮೇಲೆ ಒಂದು ಜೋಡಿ ಪಿಂಗಾಣಿ ಬಾತುಕೋಳಿ. ಹೊಸದು ಗೋಡೆಗೇರಿದ ಮೇಲೆ ಅವಕ್ಕೆ ಜಾಗವಿಲ್ಲದಾಯಿತು. ಟೀವಿಯ ಸುತ್ತಲಿನ ಗೋಡೆ ಬರಿ ಹಣೆಯಂತೆ ಕಾಣುತ್ತಿತ್ತು. ಆ ಹೋಲಿಕೆ ಮನಸ್ಸಿಗೆ ಬಂದದ್ದೇ ತಡ, ಸುತ್ತಿಗೆ ಹುಡುಕಿ ತಂದೆ.

ಆಗಲೇ ಆಸ್ಪತ್ರೆಯಲ್ಲಿ ಇವರ ಕುತ್ತಿಗೆಯ ಗಂಟಿನಿಂದ ಚೂರು ತೆಗೆದು ಪರೀಕ್ಷೆಗೆ ಕಳಿಸಿದ್ದರು. ಫಲಿತಾಂಶ ಸೋಮವಾರ. ಹಬ್ಬ ಮುಗಿಯುವವರೆಗೆ ಅತ್ತೆಗೆ ಹೇಳುವುದು ಬೇಡವೆಂದು ಇಬ್ಬರೂ ಒಪ್ಪಿದ್ದೆವು. ಆ ಒಪ್ಪಂದದ ಮರೆಯಲ್ಲಿ ನಾವಿಬ್ಬರೂ ಪರಸ್ಪರ ಮಾತಾಡುವುದನ್ನೂ ಬಿಟ್ಟಿದ್ದೆವು. ಇವರು ಕುರ್ಚಿಯಲ್ಲಿ ಕೂತಿರುತ್ತಿದ್ದರು. ನಾನು ಮೊಳೆ ಹೊಡೆಯುತ್ತಿದ್ದೆ. ಎಡಕ್ಕೆ ಬಿದಿರಿನ ಪುಟ್ಟ ಹಲಗೆ, ಬಲಕ್ಕೆ ಪ್ಲಾಸ್ಟಿಕ್ಕಿನ ಬಳ್ಳಿ. ಸಂಜೆಗೆ ಎರಡನ್ನೂ ಕಿತ್ತು ಬಣ್ಣದ ತಟ್ಟೆಗಳು. ಯಾವುದೂ ಒಪ್ಪುತ್ತಿರಲಿಲ್ಲ.

"ಗ್ವಾಡಿ ಏನ್ ಪಾಪ ಮಾಡೇತವ್ವಾ?" ಎಂದರು ಅತ್ತೆ. "ದಿನಾ ಅದರ ತಲೀ ಮ್ಯಾಲ ಹೊಡೀತಿ."

"ಹೊಡೀಲಿ ಬಿಡಬೇ," ಎಂದರು ಇವರು. "ನನಗ ಹೊಡಿಯೂದಕ್ಕಿಂತ ಅದ ಚಲೋ."

ಆಯುಧಪೂಜೆಯ ದಿನ ಮನೆಯಲ್ಲಿ ದುಡಿಯುವುದಕ್ಕೆಲ್ಲ ವಿಭೂತಿ, ಹೂವು. ಈಳಿಗೆ, ಮಿಕ್ಸರು, ಹೊಲಿಗೆ ಯಂತ್ರ ಎಲ್ಲಕ್ಕೂ ಆಯಿತು. ಚೆಂಡುಹೂವಿನ ಉದ್ದನೆಯ ಹಾರವೊಂದು ಉಳಿಯಿತು. ಪೂಜೆಯಾದ ಯಂತ್ರವನ್ನು ಮರುದಿನದವರೆಗೆ ನಡೆಸಬಾರದೆಂಬುದು ಅತ್ತೆಯ ನೇಮ, ಹಾಗಾಗಿ ಟೀವಿ ಆರಿತ್ತು. ಸ್ಟೂಲು ಹತ್ತಿ ಗಾಜಿನ ನೆತ್ತಿಗೆ ವಿಭೂತಿ ಎಳೆದೆ. ಎರಡೂ ಬದಿಯ ಖಾಲಿ ಮೊಳೆಗಳಿಗೆ ಹಾರವನ್ನು ಇಳಿಬಿಟ್ಟು ಕೆಳಗಿಳಿದೆ. ಅಷ್ಟು ದಿನಗಳಲ್ಲಿ ಮೊದಲ ಬಾರಿ ಗೋಡೆ ತುಂಬಿದಂತಾಯಿತು.

"ಅತ್ತಿ, ಬರ್ರಿಲ್ಲೆ! ಈಗ ನೋಡ್ರಿ."

ಅತ್ತೆ ಆರತಿ ತಟ್ಟೆ ಹಿಡಿದು ಬಂದವರು ಹೊಸ್ತಿಲಲ್ಲೇ ನಿಂತರು.

"ತೆಗಿ! ಮೊದಲ ತೆಗಿ ಅದನ್ನ! ಬದುಕಿದ್ದ ಮಗಗ ಹಾರ ಹಾಕೀಯಲ್ಲ!"

ತಿರುಗಿ ನೋಡಿದೆ. ಸುತ್ತ ಹಾರ, ಮೇಲೆ ವಿಭೂತಿ, ನಡುವೆ ಕರಿ ಗಾಜಿನಲ್ಲಿ ಕುರ್ಚಿಯಲ್ಲಿ ಕೂತ ಇವರ ಮುಖ. ಅಗಲಿದವರ ಪಟದಂತೆ. ಹಾರ ತೆಗೆಯಲು ಮತ್ತೆ ಸ್ಟೂಲಿಗೆ ಕಾಲಿಟ್ಟವಳು ಅತ್ತೆಯತ್ತ ತಿರುಗಿದೆ.

"ನಾ ಬೇಕಂತ ಹಾಕಿಲ್ರೀ ಅತ್ತಿ... ಸೋಮವಾರ ರಿಪೋರ್ಟ್ ಬರೂತನಕ ನನಗ ಏನೂ ತಿಳಿಯಂಗಿಲ್ಲ..."

"ಯಾವ ರಿಪೋರ್ಟು?"

ನಾಲಿಗೆ ಕಚ್ಚಿಕೊಂಡೆ. ಇವರು ಗಾಜಿನಲ್ಲಿ ತಮ್ಮನ್ನೇ ನೋಡುತ್ತಿದ್ದವರು ಇದ್ದಕ್ಕಿದ್ದಂತೆ ನಕ್ಕರು.

"ಫೋಟೋ ಏನ್ ಕೆಟ್ಟ ಬಂದಿಲ್ಲ ಬಿಡಬೇ. ನಾನ ಒಂದೀಟು ನಗಬೇಕಿತ್ತು."

ಯಾರೂ ನಗಲಿಲ್ಲ. ಇವರು ಕಾಲರಿನ ಗುಂಡಿ ಬಿಚ್ಚಿ ಕುತ್ತಿಗೆಯ ಗಾಯದ ಪಟ್ಟಿ ತೋರಿಸಿದರು. "ಇಲ್ಲೆ ಗಂಟಾಗೇತಿ. ಪರೀಕ್ಷಾಕ ಕಳಿಸ್ಯಾರ." ಆಮೇಲೆ ನನ್ನತ್ತ ನೋಡದೆ ಹೇಳಿದರು: "ನನಗ ಭಾಳ ಅಂಜಿಕಿ ಬಂದೈತಿ."

ಹದಿನೈದು ದಿನಗಳಿಂದ ಆ ಮಾತಿಗಾಗಿ ಕಾದಿದ್ದೆನೆಂದು ಅದು ಕಿವಿಗೆ ಬಿದ್ದಾಗಲೇ ನನಗೆ ಗೊತ್ತಾದದ್ದು.

ಅತ್ತೆ ಅಳಲಿಲ್ಲ. ತಟ್ಟೆ ಕೆಳಗಿಟ್ಟು, ಸೆರಗಿಗೆ ಕೈ ಒರೆಸಿ, ಪಟ್ಟಿಯ ಅಂಚನ್ನು ಹೆಬ್ಬೆರಳಿನಿಂದ ಮೆಲ್ಲಗೆ ಮುಟ್ಟಿದರು. ಬಳಿಕ ನನ್ನ ಕಡೆ ತಿರುಗಿದರು.

"ಅದಕ್ಕ ಗ್ವಾಡಿ ಹೊಡಿಯಾಕ ಹತ್ತಿದ್ದೇನು, ತಂಗೀ?"

ನನಗೆ ಅಳು ಬಂತು.

ಹಾರವನ್ನು ಇವರೇ ಇಳಿಸಿದರು. ಅತ್ತೆ ಅದನ್ನು ಮಡಿಲಿಗೆ ಹಾಕಿಕೊಂಡು ನೆಲಕ್ಕೆ ಕೂತು ಒಂದೊಂದೇ ಹೂ ಬಿಡಿಸತೊಡಗಿದರು. ನಾವೂ ಪಕ್ಕದಲ್ಲಿ ಕೂತೆವು.

"ಸೋಮವಾರ ಎಷ್ಟಕ್ಕ ಹೋಗೂದು?" ಎಂದರು ಅತ್ತೆ.

"ಹತ್ತಕ್ಕ."

"ಮೂರೂ ಮಂದಿ ಹೋಗೂಣು."

ಮೂವರು ಕೂಡಿ ಹೊರಟರೆ ಕೆಲಸ ಕೆಡುತ್ತದೆಂದು, ಸಂತೆಗೆ ಹೊರಟವರನ್ನೂ ತಡೆದು ನಾಲ್ಕನೆಯವರನ್ನು ಜೊತೆಗೂಡಿಸುತ್ತಿದ್ದ ಹೆಂಗಸು ಅವರು. ಇವರು ತಲೆಯೆತ್ತಿ ನೋಡಿದರು. ಅತ್ತೆ ನೋಡಲಿಲ್ಲ. ಬರಿದಾದ ದಾರವನ್ನು ಬೆರಳಿಗೆ ಸುತ್ತಿಕೊಳ್ಳುತ್ತಿದ್ದರು. ಕಿಟಕಿಯ ಗಾಳಿಗೆ ಹಳದಿ ಎಸಳುಗಳು ಸರಿದು ಬಂದು ನಮ್ಮ ಪಾದಗಳಿಗೆ ಅಂಟಿದವು. ಗುಡಿಸಲು ಯಾರೂ ಏಳಲಿಲ್ಲ.