ಹಳೇ ನೀರಿನ ತೊಟ್ಟಿ

"ನಿನ್ನ ವಯಸ್ಸಲ್ಲಿ ನಾನು ಒಂದು ಇಲೀನ ಬಾಲ ಹಿಡಿದು ಗಿರಗಿರ ತಿರುಗಿಸಿ ಬಿಸಾಕಿದ್ದೆ ಕಣೇ. ಗೋದಾಮಿನ ಛಾವಣಿ ದಾಟಿ, ಹಿಂದಿನ ಬೀದಿ ದಾಟಿ, ಪೊಲೀಸ್ ಠಾಣೆ ಅಂಗಳದಲ್ಲಿ ಹೋಗಿ ಬಿತ್ತು. ಬಿದ್ದ ಸದ್ದಿಗೆ ಸಾವಿರ ಜನ ಪೊಲೀಸರು ಎದ್ದು ಸೆಲ್ಯೂಟ್ ಹೊಡೆದ್ರಂತೆ." ಅಜ್ಜಿ ಒದ್ದೆ ಬಟ್ಟೆ ಹಿಂಡಿ ಸೊಸೆಯ ಹಣೆಯ ಮೇಲಿಟ್ಟಳು. "ಅರ್ಧ ಸುಳ್ಳು ಅಂತಾನೇ ಇಟ್ಕೋ. ಇಲಿ ಇತ್ತು, ಬಾಲಾನೂ ಇತ್ತು."

ಸೊಸೆ ನಗಲಿಲ್ಲ. ಆಸ್ಪತ್ರೆಯ ಮಂಚದ ಮೇಲೆ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದಳು. ಕಣ್ಣಿನ ಬಿಳಿ ಭಾಗ ಮೊದಲು ಕೆಂಪಾಗಿತ್ತು, ಈಗ ಹಳದಿಗೆ ತಿರುಗುತ್ತಿತ್ತು. ಮೀನಖಂಡ ಮುಟ್ಟಿದರೆ ಸಾಕು, ಹಲ್ಲು ಕಚ್ಚುತ್ತಿದ್ದಳು.

ಇಲಿ ಎಂಬ ಮಾತು ಬಾಯಿಂದ ಬಿದ್ದ ಮೇಲೆ ಅಜ್ಜಿಗೆ ಎಚ್ಚರವಾಯಿತು. ಬಾಗಿಲ ಕಡೆ ನೋಡಿದಳು. ಬೆಳಿಗ್ಗೆ ಸೊಸೆಯನ್ನು ಗಾಡಿಗೆ ಹತ್ತಿಸುವಾಗ ಗೋದಾಮಿನ ಮೇಸ್ತ್ರಿ ಹತ್ತಿರ ಬಂದು ತಗ್ಗಿದ ದನಿಯಲ್ಲಿ ಹೇಳಿದ್ದ.

"ಅಜ್ಜಿ, ಆಸ್ಪತ್ರೇಲಿ ಇಲಿ ಗಿಲಿ ಅಂತ ಬಾಯಿ ಬಿಡಬೇಡ. ಸರ್ಕಾರದವರು ಬಂದು ಗೋದಾಮಿಗೆ ಬೀಗ ಜಡಿದ್ರೆ ನನಗೊಬ್ಬನಿಗಲ್ಲ, ಇಡೀ ಶೆಡ್ಡಿನವರ ಹೊಟ್ಟೆಗೆ ಹೊಡೆತ. ಇವತ್ತೊಂದು ದಿನ ಬಾಯಿಗೆ ಹೊಲಿಗೆ ಹಾಕ್ಕೋ."

"ಹೊಲಿಯೋದೇ ತಾನೇ ನನ್ನ ಕೆಲಸ," ಎಂದಿದ್ದಳು ಅಜ್ಜಿ.

ಅತ್ತೆ ಸೊಸೆ ಇಬ್ಬರದ್ದೂ ಅದೇ ಕೆಲಸ. ಧಾನ್ಯದ ಗೋದಾಮಿನ ಹಿಂದಿನ ಶೆಡ್ಡಿನಲ್ಲಿ, ತೂತು ಬಿದ್ದ ಗೋಣಿಚೀಲಗಳಿಗೆ ತೇಪೆ ಹಾಕುವುದು. ತೂತು ಮಾಡುವುದು ಇಲಿಗಳು, ಮುಚ್ಚುವುದು ಹೆಂಗಸರು. "ನಮ್ಮ ಧಣಿ ಮೇಸ್ತ್ರಿ ಅಲ್ಲ ಕಣ್ರೇ, ಇಲಿ. ಅದು ರಜ ಹಾಕಿದ್ರೆ ನಮಗೆ ಕೂಲಿ ಇಲ್ಲ," ಎಂದು ಅಜ್ಜಿ ಹೊಸದಾಗಿ ಸೇರಿದವರಿಗೆಲ್ಲ ಹೇಳುತ್ತಿದ್ದಳು. ಒಣ ಗೋಣಿಯಲ್ಲಿ ದಬ್ಬಣ ಸರಾಗವಾಗಿ ಇಳಿಯುವುದಿಲ್ಲ, ನಾರು ಬೆರಳು ಕೊಯ್ಯುತ್ತದೆ. ಅದಕ್ಕೆ ಚೀಲಗಳನ್ನು ಮೊದಲು ಸಿಮೆಂಟಿನ ತೊಟ್ಟಿಯಲ್ಲಿ ನೆನೆಹಾಕಿ, ಬರಿಗಾಲಲ್ಲಿ ಒಳಗಿಳಿದು ತುಳಿಯಬೇಕು. ತೊಟ್ಟಿಯ ನೀರನ್ನು ಯಾರೂ ಬದಲಿಸುತ್ತಿರಲಿಲ್ಲ. ಕಡಿಮೆಯಾದಷ್ಟನ್ನು ಮೇಲಿನಿಂದ ಸುರಿಯುತ್ತಿದ್ದರು. ಹಳೇ ನೀರಿಗೆ ಗೋಣಿ ಬೇಗ ಬಗ್ಗುತ್ತದೆ ಎಂಬುದು ಶೆಡ್ಡಿನ ಲೆಕ್ಕ. ನಾತ ತಡೆಯಲಾರದೆ ಮೇಸ್ತ್ರಿ ಒಮ್ಮೆ ತೊಟ್ಟಿ ಖಾಲಿ ಮಾಡಿಸಿದಾಗ ಹೆಂಗಸರೇ ಅವನ ಮೇಲೆ ಜಗಳಕ್ಕೆ ಹೋಗಿದ್ದರು.

ಮಂಡಿ ಗಟ್ಟಿ ಇದ್ದವರು ತುಳಿಯಬೇಕು. ಸೊಸೆ ತುಳಿಯುತ್ತಿದ್ದಳು. ಅವಳ ಜೊತೆಗೆ ಕುಳ್ಳಿ. ಕುಳ್ಳಿ ಹೊಲಿಗೆಗೆ ಕೂತಾಗ ಅಜ್ಜಿಯ ಪಕ್ಕದ ಮಣೆಯವಳು, ಅಜ್ಜಿಯ ಬಾಯಿಗೆ ದಿನಾ ಸಿಗುವವಳು. "ಕುಳ್ಳಿ ತೊಟ್ಟಿಗೆ ಇಳಿದ್ಲು, ಯಾರಾದ್ರೂ ದೋಣಿ ತನ್ರೇ," ಎಂದು ಅಜ್ಜಿ ರೇಗಿಸಿದರೆ ಅವಳು ಕಾಲಲ್ಲೇ ನೀರು ಎರಚುತ್ತಿದ್ದಳು. ಹೋದ ತಿಂಗಳು ಕುಳ್ಳಿಗೆ ಜ್ವರ ಬಂತು, ಕಣ್ಣು ಹಳದಿಯಾಯಿತು. ಕಾಮಾಲೆ ಎಂದರು. ಯಾರೋ ಹೇಳಿದ ಸೊಪ್ಪಿನ ರಸ ಕುಡಿಸಿದರು. ಸತ್ತುಹೋದಳು. ಅವಳ ಮಣೆಯ ಮೇಲೆ ಈಗ ಅವಳ ಮಗಳು ಕೂರುತ್ತಾಳೆ.

ಕುಳ್ಳಿಯನ್ನು ಮಣ್ಣು ಮಾಡಿ ಬಂದ ದಿನ ಅಜ್ಜಿ ಅತ್ತಿರಲಿಲ್ಲ. ಮನೆಗೆ ಬಂದು ಪಾತ್ರೆ ತೊಳೆದಿದ್ದಳು, ತೊಳೆದ ಪಾತ್ರೆಗಳನ್ನೇ ಇನ್ನೊಮ್ಮೆ ತೊಳೆದಿದ್ದಳು. ಈಗ ಸೊಸೆಯ ಕಣ್ಣಿನಲ್ಲಿ ಅದೇ ಬಣ್ಣ ಕಂಡರೂ ಒಳಗೆ ಏನೂ ಅಲುಗಲಿಲ್ಲ. ಬಾಯಿ ಮಾತ್ರ ತನ್ನ ಪಾಡಿಗೆ ತಾನು ಕಥೆ ಹೇಳುತ್ತಿತ್ತು. ಮಗ ಲಾರಿಯ ಮೇಲೆ ಎಲ್ಲೋ ದೂರದಲ್ಲಿದ್ದ. ಫೋನು ಮಾಡಿದರೆ ಒಂದು ಹೆಂಗಸಿನ ದನಿ ಅವನು ಸಿಗುತ್ತಿಲ್ಲ ಎಂದಷ್ಟೇ ಹೇಳುತ್ತಿತ್ತು, ಅಜ್ಜಿ ಅದಕ್ಕೂ "ಆಯ್ತಮ್ಮ" ಎಂದು ಉತ್ತರ ಕೊಟ್ಟು ಇಡುತ್ತಿದ್ದಳು.

ಡಾಕ್ಟರಮ್ಮ ಬಂದಳು. ಇನ್ನೂ ಸಣ್ಣ ವಯಸ್ಸು, ನಿದ್ದೆಗೆಟ್ಟ ಮುಖ. ಸೊಸೆಯ ಕಣ್ಣ ರೆಪ್ಪೆ ಎಳೆದು ನೋಡಿದಳು, ಹೊಟ್ಟೆ ಒತ್ತಿದಳು, ಮೀನಖಂಡ ಹಿಡಿದಳು. ಸೊಸೆ ಚೀರಿದಳು.

"ಅಜ್ಜಿ, ಇವರು ಉಚ್ಚೆ ಹುಯ್ದು ಎಷ್ಟು ಹೊತ್ತಾಯ್ತು?"

"ನಿನ್ನೆ ಸ್ವಲ್ಪ ಹೋದ್ಲು. ಇವತ್ತು ಇಲ್ಲ."

"ಏನು ಕೆಲಸ ಮಾಡ್ತಾರೆ?"

"ಚೀಲ ಹೊಲೀತಾಳೆ."

"ಕೆಲಸದ ಜಾಗದಲ್ಲಿ ಇಲಿ ಇದಾವಾ?"

ಅಜ್ಜಿ ಮಂಚದ ಕಂಬಿ ಹಿಡಿದುಕೊಂಡಳು. ಮೇಸ್ತ್ರಿ ಕಣ್ಣಮುಂದೆ ಬಂದ. ಶೆಡ್ಡಿನಲ್ಲಿ ಸಾಲಾಗಿ ಬಗ್ಗಿ ಕೂತ ಬೆನ್ನುಗಳು ಬಂದವು. ಆ ಕೂಲಿ ಬಿಟ್ಟರೆ ಆ ಬೆನ್ನುಗಳಿಗೆ ಬೇರೆ ಕೆಲಸ ಬರುತ್ತಿರಲಿಲ್ಲ.

"ಇಲಿನಾ? ಎಲ್ಲೋ ಒಂದೆರಡು ಇರಬಹುದು."

"ನೀರಲ್ಲಿ ನಿಂತು ಮಾಡೋ ಕೆಲಸ ಏನಾದ್ರೂ?"

"ಅಂಥದ್ದೇನಿಲ್ಲಮ್ಮ."

ಡಾಕ್ಟರಮ್ಮ ತಲೆಯಾಡಿಸಿ, ಕಾಮಾಲೆಗೆ ರಕ್ತ ಪರೀಕ್ಷೆ ಬರೆದು, ಮುಂದಿನ ಮಂಚದ ಕಡೆ ಹೊರಟಳು. ಆಗ ಗೋಡೆಯ ಕಡೆಯಿಂದ ಸಣ್ಣ ಸದ್ದು ಬಂತು. ಕೆಮ್ಮಿನ ಹಾಗಿತ್ತು. ಸೊಸೆ ನಗುತ್ತಿದ್ದಳು, ಅಥವಾ ನಗಲು ನೋಡುತ್ತಿದ್ದಳು.

"ಡಾಕ್ಟ್ರೇ..." ಅವಳ ತುಟಿ ಒಣಗಿ ಅಂಟಿಕೊಂಡಿತ್ತು. "ನಮ್ಮತ್ತೆ ಒಂದೆರಡು ಅಂದ್ರೆ ನಂಬಬೇಡಿ."

"ಯಾಕೆ?"

"ಅವರನ್ನ ಶೆಡ್ಡಲ್ಲಿ ಸಾವಿರದಜ್ಜಿ ಅಂತಾರೆ. ಸೊಳ್ಳೆ ಕಚ್ಚಿದ್ರೂ ಸಾವಿರ, ಮಳೆ ಬಂದ್ರೂ ಸಾವಿರ ಹನಿ. ನಾನು ಮದುವೆಯಾಗಿ ಬಂದಾಗಿಂದ ಒಂದು ದಿನ ಒಂದೆರಡು ಅಂದಿದ್ದು ಕೇಳಿಲ್ಲ." ಅವಳು ಅತ್ತೆಯ ಕಡೆ ತಿರುಗಲು ನೋಡಿದಳು, ಆಗಲಿಲ್ಲ. "ಯಾರು ಕಲಿಸಿದ್ದು ಅತ್ತೆ, ಈ ಲೆಕ್ಕ? ಮೇಸ್ತ್ರಿನಾ?"

ಡಾಕ್ಟರಮ್ಮ ಹಿಂದಿರುಗಿ ಬಂದು ಮಂಚದ ತುದಿಯಲ್ಲಿ ಕೂತಳು. ಅಜ್ಜಿಯ ಮುಖವನ್ನೇ ನೋಡಿದಳು.

ಅಜ್ಜಿ ಹೇಳಿದಳು. ತೊಟ್ಟಿಯ ಬಗ್ಗೆ ಹೇಳಿದಳು, ಹಳೇ ನೀರಿನ ಬಗ್ಗೆ ಹೇಳಿದಳು, ಚೀಲ ಕೊಡವಿದರೆ ಉದುರುವ ಹಿಕ್ಕೆಯ ಬಗ್ಗೆ, ಚೀಲಗಳ ಅಟ್ಟಿಯೊಳಗೆ ಗೂಡು ಕಟ್ಟಿದ ಮರಿಗಳ ಬಗ್ಗೆ, ಸೊಸೆಯ ಹಿಮ್ಮಡಿಯ ಬಿರುಕುಗಳ ಬಗ್ಗೆ ಹೇಳಿದಳು. ಯಾವುದನ್ನೂ ಉಬ್ಬಿಸಲಿಲ್ಲ. ಉಬ್ಬಿಸುವುದು ಹೇಗೆ ಎಂಬುದೇ ಆ ಹೊತ್ತಿಗೆ ಮರೆತಂತಿತ್ತು. ಕೊನೆಗೆ, "ಇವಳ ಜೊತೆ ಇನ್ನೊಬ್ಬಳು ತುಳೀತಿದ್ಲು," ಎಂದಳು.

"ಅವರು ಹುಷಾರಾಗಿದಾರಾ?"

"ಹೋದ ತಿಂಗಳು ಹೋದ್ಲು. ಕಾಮಾಲೆ ಅಂದ್ರು."

ಡಾಕ್ಟರಮ್ಮನ ಪೆನ್ನು ನಿಂತಿತು. ಆಮೇಲೆ ಎಲ್ಲವೂ ಬೇಗ ಬೇಗ ನಡೆಯಿತು. ನರ್ಸು ಸೂಜಿ ತಂದಳು, ಬಾಟಲಿ ತೂಗುಬಿದ್ದಿತು, ಸೊಸೆಗೆ ನಳಿಗೆ ಹಾಕಿ ಮಂಚದ ಕೆಳಗೆ ಒಂದು ಚೀಲ ಕಟ್ಟಿದರು. "ಇದು ಇಲಿ ಜ್ವರ ಇರಬೇಕು ಅಜ್ಜಿ. ಇಲಿ ಉಚ್ಚೆ ನೀರಲ್ಲಿ ಸೇರುತ್ತೆ, ಕಾಲಿನ ಬಿರುಕಿಂದ ಒಳಗೆ ಹೋಗುತ್ತೆ. ಈ ಚೀಲಕ್ಕೆ ಉಚ್ಚೆ ಇಳೀಬೇಕು. ಇಳಿದ್ರೆ ದಾರಿಗೆ ಬಂದ ಹಾಗೆ," ಎಂದು ಹೇಳಿ ಡಾಕ್ಟರಮ್ಮ ಹೊರಗೆ ಹೋಗಿ ಯಾರಿಗೋ ಫೋನು ಮಾಡತೊಡಗಿದಳು. ಗೋದಾಮಿನ ವಿಳಾಸ ಹೇಳುವುದು ಒಳಗೆ ಕೇಳಿಸುತ್ತಿತ್ತು.

ಅಜ್ಜಿ ನೆಲದ ಮೇಲೆ ಕೂತು ಚೀಲ ನೋಡಿದಳು. ಜೀವಮಾನವೆಲ್ಲ ಚೀಲ ನೋಡಿದವಳು, ಹೀಗೆ ಒಂದನ್ನೂ ನೋಡಿರಲಿಲ್ಲ. ಅದು ಖಾಲಿಯಾಗಿತ್ತು. ಯಾರೋ ಬ್ರೆಡ್ಡು ಕೊಟ್ಟರು, ತಿಂದಳು, ರುಚಿ ಗೊತ್ತಾಗಲಿಲ್ಲ. ಒಂದು ನೊಣ ನಳಿಗೆಯ ಮೇಲೆ ನಡೆದು ಹೋಯಿತು. ಮರುದಿನವೂ ಚೀಲ ಖಾಲಿಯಿತ್ತು. ಅದರ ಮಾರನೇ ದಿನ ತಳದಲ್ಲಿ ಕಡುಬಣ್ಣದ ನಾಲ್ಕು ಹನಿ ಕಂಡವು. ಸಂಜೆಯ ಹೊತ್ತಿಗೆ ಅಂಗೈಯಗಲ ತುಂಬಿತು. ಅಜ್ಜಿ ನರ್ಸನ್ನು ಕರೆದು ತೋರಿಸಿದಳು. "ನೋಡಮ್ಮ, ಕೆರೆ ತುಂಬ್ತು," ಎಂದಳು. ಹೇಳುವಾಗಲೂ ಅವಳ ಮುಖದಲ್ಲಿ ಏನೂ ಇರಲಿಲ್ಲ.

ಜ್ವರ ಇಳಿದು ಸೊಸೆ ಎದ್ದು ಕೂತು ಹಾಲು ಕುಡಿದ ದಿನ ಶೆಡ್ಡಿನ ಹೆಂಗಸರೆಲ್ಲ ಆಸ್ಪತ್ರೆಗೆ ಬಂದರು. ಸೊಸೆಯನ್ನು ನೋಡಲು ಬಂದದ್ದಲ್ಲ. ಗೋದಾಮಿಗೆ ಬೀಗ ಬಿದ್ದಿತ್ತು, ತೊಟ್ಟಿ ಒಡೆದು ಹಾಕಿದ್ದರು, ಹೆಂಗಸರ ರಕ್ತ ತೆಗೆದು ಎಲ್ಲರಿಗೂ ಮಾತ್ರೆ ಕೊಡುತ್ತಿದ್ದರು. ಅಜ್ಜಿ ಹೊರಗಿನ ಬೆಂಚಿನ ಹತ್ತಿರ ಹೋದಳು. ಯಾರೂ ಜಾಗ ಬಿಡಲಿಲ್ಲ.

"ನಿಮ್ಮ ಸೊಸೆ ಎದ್ದು ಕೂತ್ಲಂತೆ," ಎಂದಳು ತುದಿಯಲ್ಲಿ ಕೂತವಳು. "ನಾವು ಮಲಗೋ ಹಾಗಾಯ್ತು."

"ಮೇಸ್ತ್ರಿ ಏನಂದ?"

"ನಿಮ್ಮ ಹೆಸರು ಹೇಳಿ ಉಗಿದ. ಇನ್ನೇನಂತಾನೆ."

ಅಜ್ಜಿ ಗೋಡೆಗೆ ಒರಗಿ ನಿಂತಳು. ಸ್ವಲ್ಪ ಹೊತ್ತಿಗೆ ಕುಳ್ಳಿಯ ಮಗಳು ಬೆಂಚಿನಿಂದ ಎದ್ದು ಬಂದಳು. ತಾಯಿಯ ಎತ್ತರವೇ. ಕೈಯಲ್ಲಿ ಮಾತ್ರೆಯ ಪಟ್ಟಿ ಇತ್ತು. ಹೆಬ್ಬೆರಳಿನಿಂದ ಅದರ ಬೆಳ್ಳಿ ಕಾಗದವನ್ನು ಸವರುತ್ತಿದ್ದಳು.

"ಅಜ್ಜಿ, ಇದು ಅಂಗಡೀಲಿ ಸಿಗೋ ಮಾತ್ರೇನಂತೆ. ಚಾಕಲೇಟಿಗಿಂತ ಅಗ್ಗ ಅಂತ ನರ್ಸ್ ಹೇಳಿದ್ರು."

"ಹೂಂ."

"ಅಮ್ಮನ ವಿಷಯ ಡಾಕ್ಟ್ರ ಹತ್ರ ಹೇಳಿದ್ರಂತೆ ನೀವು."

"ಹೇಳಿದೆ."

ಹೇಳಿದ್ದಷ್ಟೇ ಅಲ್ಲ, ಇವತ್ತೇ ಬೆಳಿಗ್ಗೆ ಕೇಳಿಯೂ ಇದ್ದಳು. ಕುಳ್ಳಿಯನ್ನು ಜ್ವರ ಬಂದ ದಿನವೇ ಇಲ್ಲಿಗೆ ತಂದಿದ್ದರೆ, ಎಂದು. ಡಾಕ್ಟರಮ್ಮ ಪೆನ್ನಿನ ಮುಚ್ಚಳ ಹಾಕಿ, ತೆಗೆದು, ಮತ್ತೆ ಹಾಕಿ, ಆಮೇಲೆ "ಉಳೀತಿದ್ರು ಅಜ್ಜಿ" ಎಂದಿದ್ದಳು.

"ಏನಂದ್ರು?" ಎಂದು ಕೇಳಿದಳು ಹುಡುಗಿ.

ಬೆಂಚಿನ ಮೇಲಿದ್ದವರು ಇತ್ತ ತಿರುಗಿದರು. ಎಲ್ಲರೂ ಅಜ್ಜಿಯ ಬಾಯಿಯನ್ನೇ ನೋಡುತ್ತಿದ್ದರು. ಅಜ್ಜಿ ಹುಡುಗಿಯ ಪಾದ ನೋಡಿದಳು. ಹೊಸ ರಬ್ಬರ್ ಚಪ್ಪಲಿ, ಅದರೊಳಗೆ ತಾಯಿಯದೇ ಹಿಮ್ಮಡಿ. ರೇಗಿಸುವಾಗಿನ ತನ್ನ ಹಳೇ ದನಿಯನ್ನು ಹುಡುಕಿದಳು. ಅದರಲ್ಲಿ ಅರ್ಧ ಮಾತ್ರ ಸಿಕ್ಕಿತು.

"ಏನಂದಿರಬಹುದು," ಎಂದಳು, "ನೀನೇ ಹೇಳು ನೋಡೋಣ."