ಐದಡಿ ಕೋಲು

"ಇನ್ನೊಂದ್ಸಲ ಹಿಡೀರಿ ಸಾರ್," ಎಂದರು ಮೇಸ್ತ್ರಿ.

ಟೇಪಿನ ಒಂದು ತುದಿ ರಸ್ತೆಯಂಚಿನ ಗಡಿಕಲ್ಲಿನ ಮೇಲಿತ್ತು, ಇನ್ನೊಂದು ಮುಂದಿನ ಕೋಣೆಯ ಗೋಡೆಗೆ ತಾಗಿತ್ತು. ನಗರಸಭೆಯ ಕಚೇರಿಯಿಂದ ಬಂದ ಇನ್‌ಸ್ಪೆಕ್ಟರ್ ಬೇಸರ ತೋರಿಸದೆ ಮೂರನೆಯ ಸಲವೂ ಬಗ್ಗಿ ನೋಡಿದ.

"ಒಂಬತ್ತೂವರೆ ಅಡಿ. ರಸ್ತೆಯಿಂದ ಹತ್ತಡಿ ಬಿಟ್ಟು ಕಟ್ಬೇಕು ಅಂತ ರೂಲು. ನಾನು ಎಷ್ಟು ಸಲ ಬಗ್ಗಿ ಎದ್ರೂ ಆ ಆರಿಂಚು ಹುಟ್ಟಲ್ಲ ಮೇಸ್ತ್ರಿಗಳೇ."

ಮೇಸ್ತ್ರಿ ನಕ್ಕರು. ನಲವತ್ತು ವರ್ಷ ಗಾರೆ ಕೆಲಸ ಮಾಡಿದವರು, ತಮ್ಮದೂ ಸೇರಿ ಈ ಬೀದಿಯ ಎಡಬದಿಯ ಎಂಟೂ ಮನೆಗಳನ್ನು ಕಟ್ಟಿದವರು. ಅವರಿಗೆ ಅಡಿ ಇಂಚಿನ ಪಾಠ ಹೇಳಲು ಬಂದವನು ನಿನ್ನೆ ಮೊನ್ನೆಯವನು. ಬಾಗಿಲಲ್ಲಿ ನಿಂತಿದ್ದ ಮಗಳು ಮಾತ್ರ ನಗಲಿಲ್ಲ. ಆ ಮುಂದಿನ ಕೋಣೆಯೇ ಅವಳ ಅನ್ನ. ಗಂಡನ ಮನೆಯಿಂದ ಒಂದು ಹೊಲಿಗೆ ಮಷಿನ್ನು ಹೊತ್ತು ಬಂದವಳು ಅಲ್ಲಿ ಕೂತು ಎರಡು ಶಾಲೆಯ ಸಮವಸ್ತ್ರ ಹೊಲಿಯುತ್ತಿದ್ದಳು. ವಾಸದ ಬೀದಿಯಲ್ಲಿ ಅಂಗಡಿ ಎಂದು ಬೋರ್ಡು ಹಾಕಲು ಪರವಾನಗಿ ಬೇಕು, ಪರವಾನಗಿಗೆ ಮನೆಯ ಅಳತೆ ಆಗಬೇಕು. ಅವಳು ಎರಡು ವರ್ಷ ಹಿಂದೇಟು ಹಾಕಿದ್ದಳು. "ಕೊಡು ಅರ್ಜಿ. ಕೋಲು ಹಿಡಿದು ಕಟ್ಟಿದ ಮನೆ, ಯಾವನಿಗೆ ಹೆದರ್ಬೇಕು?" ಎಂದು ಬೆನ್ನು ಹತ್ತಿ ಅರ್ಜಿ ಕೊಡಿಸಿದ್ದು ಮೇಸ್ತ್ರಿಯೇ.

"ನಿಮ್ಮ ಟೇಪೇ ಎಳೆದು ಎಳೆದು ಹಿಗ್ಗಿದೆ," ಎಂದರು ಅವರು. "ನಿಲ್ಲಿ, ನನ್ನ ಕೋಲು ತರ್ತೀನಿ. ಎರಡು ಕೋಲು ಅಂದ್ರೆ ಹತ್ತಡಿ."

ಕೋಲು ಹಿತ್ತಲ ಕೋಣೆಯ ಅಟ್ಟದ ಮೇಲಿತ್ತು. ಎರಡು ತುದಿಗೂ ಹಿತ್ತಾಳೆಯ ಟೋಪಿ ಹೊಡೆದ, ಕೈ ಬೆವರಿಗೆ ನುಣುಪಾದ ಐದಡಿ ಕೋಲು. ಧೂಳು ಒರೆಸುವಾಗ ಒಂದು ತುದಿಯ ಟೋಪಿ ಕೊಂಚ ಸೊಟ್ಟಗಿರುವುದು ಬೆರಳಿಗೆ ಸಿಕ್ಕಿತು. ಒರೆಸುತ್ತಿದ್ದ ಕೈ ಅಲ್ಲೇ ನಿಂತಿತು.

ಹದಿನಾಲ್ಕು ವರ್ಷದ ಹಿಂದೆ, ಈ ಮನೆಗೆ ಪಾಯ ತೆಗೆಯುವ ಮುಂಚೆ, ಇಟ್ಟಿಗೆ ಲಾರಿ ಹಿಂದೆ ಸರಿಯುವಾಗ ಕೋಲಿನ ತುದಿ ಚಕ್ರದಡಿ ಸಿಕ್ಕಿ ಸೀಳಿತ್ತು. ಸೀಳಿದಷ್ಟನ್ನು ಗರಗಸದಿಂದ ಕೊಯ್ದು, ಟೋಪಿಯನ್ನು ಮತ್ತೆ ಬಡಿದು, ಸೋಮವಾರ ಹೊಸದು ಮಾಡಿಸೋಣ ಎಂದುಕೊಂಡಿದ್ದರು. ಆ ಸೋಮವಾರ ಬರಲೇ ಇಲ್ಲ. ಕೋಲಿನ ಮೇಲಿನ ಗೀಟುಗಳನ್ನು ನೋಡುವ ಅಭ್ಯಾಸ ಅವರಿಗೆ ಎಂದೂ ಇರಲಿಲ್ಲ. ಮಲಗಿಸಿದರೆ ಐದು, ಮಗುಚಿ ಮಲಗಿಸಿದರೆ ಹತ್ತು.

ಮಂಚದ ಮೇಲೆ ಮಗಳ ಹಳೆಯ ಟೇಪು ಬಿದ್ದಿತ್ತು. ದರ್ಜಿಯ ಟೇಪು, ಅರವತ್ತು ಇಂಚು, ಸರಿಯಾಗಿ ಐದಡಿ. ಕೋಲನ್ನು ಮಂಚದ ಮೇಲೆ ಮಲಗಿಸಿ, ಪಕ್ಕದಲ್ಲಿ ಟೇಪನ್ನು ಎಳೆದು ಹಾಸಿದರು. ಕೋಲು ಮುಗಿದ ಮೇಲೂ ಟೇಪು ಮೂರಿಂಚು ಉಳಿದಿತ್ತು. ಎರಡು ಕೋಲಿಗೆ ಆರು.

ಅವರಿಗೆ ತಮ್ಮ ಮನೆ ನೆನಪಾಗಲಿಲ್ಲ, ಉಳಿದ ಏಳು ಮನೆಗಳು ನೆನಪಾದವು. ಎಲ್ಲವೂ ಇದರ ನಂತರ ಕಟ್ಟಿದವು, ಇದೇ ಕೋಲು ಮಲಗಿಸಿ. ರಸ್ತೆ ಬಾಗಿದ್ದರಿಂದ ಕಣ್ಣಳತೆಗೆ ಯಾರಿಗೂ ಗೊತ್ತಾಗದು. ಪಕ್ಕದ ಟೀಚರಮ್ಮನ ಗಂಡ ಎದ್ದು ಓಡಾಡಲಾರದೆ ಮಲಗಿರುವುದು ಮುಂದಿನ ಕೋಣೆಯಲ್ಲೇ. ಮೇಸ್ತ್ರಿ ಬರಿಗೈಯಲ್ಲಿ ಹೊರಗೆ ಬಂದರು.

"ಕೋಲೆಲ್ಲಿ?" ಎಂದಳು ಮಗಳು.

"ಸಿಗಲಿಲ್ಲ."

ಇನ್‌ಸ್ಪೆಕ್ಟರ್ ಪೆನ್ನು ತೆಗೆದ. ಕೆಟ್ಟವನೇನಲ್ಲ. ದನಿ ತಗ್ಗಿಸಿ ಹೇಳಿದ, "ನೋಡಿ, ಇಲ್ಲಿ ಕಾರಣ ಬರೀಬೇಕು. ಅಳತೆಯಲ್ಲಿ ಗೊತ್ತಿಲ್ದೆ ಆದ ತಪ್ಪು ಅಂದ್ರೆ ಸಾಹೇಬರು ವಿನಾಯಿತಿ ಕೊಡಬಹುದು. ಗೊತ್ತಿದ್ದೂ ಮಾಡಿದ್ದಾದ್ರೆ ಹದಿನೈದು ದಿನದಲ್ಲಿ ಗೋಡೆ ಒಡೀಲೇಬೇಕು."

"ಗೊತ್ತಿಲ್ದೆ ಆಗಿದ್ದೇ ಸಾರ್, ಅಪ್ಪ ಅಂಥವರಲ್ಲ," ಎಂದಳು ಮಗಳು. "ಗೋಡೆ ತೆಗೆದ್ರೆ ತಾರಸಿ ಯಾವುದರ ಮೇಲೆ ನಿಲ್ಲುತ್ತೆ? ಕೋಣೆನೇ ಹೋಗುತ್ತೆ!"

"ಹಾಗಾದ್ರೆ ಯಾವುದರಲ್ಲಿ ಅಳೆದ್ರಿ, ಹೇಗೆ ತಪ್ಪಾಯ್ತು, ತೋರಿಸ್ಬೇಕು. ಅದೇ ಅಳತೆಯಲ್ಲಿ ಕಟ್ಟಿದ ಬೇರೆ ಮನೆ ಇದ್ರೆ ಅವನ್ನೂ ನೋಡ್ಬೇಕಾಗುತ್ತೆ." ಇನ್‌ಸ್ಪೆಕ್ಟರ್ ಬೀದಿಯುದ್ದಕ್ಕೂ ಕಣ್ಣಾಡಿಸಿದ. "ಒಂದು ಮನೆ ಅಂದ್ರೆ ಕರುಣೆ ತೋರಿಸ್ತಾರೆ. ಸಾಲಿಗೆ ಸಾಲೇ ಅಂದ್ರೆ ತೋರಿಸಲ್ಲ. ಹೋದ ತಿಂಗಳು ಆಚೆ ಬೀದಿಯಲ್ಲಿ ಹನ್ನೆರಡು ಮನೆಯ ಮುಂಭಾಗ ಬಿತ್ತು."

ಟೀಚರಮ್ಮ ಕಾಂಪೌಂಡಿನ ಮೇಲೆ ಮೊಣಕೈ ಊರಿ ಕೇಳಿಸಿಕೊಳ್ಳುತ್ತಿದ್ದರು. ಎದುರು ಮನೆಯವರೂ ಹೊರಗೆ ಬಂದಿದ್ದರು.

"ಹೇಳಪ್ಪಾ!" ಎಂದಳು ಮಗಳು.

ಮೇಸ್ತ್ರಿ ಟೀಚರಮ್ಮನ ಮನೆಯ ಕಡೆ ಒಮ್ಮೆ ನೋಡಿದರು. "ದುರಾಸೆ ಅಂತ ಬರ್ಕೊಳ್ಳಿ ಸಾರ್. ಬೇರೆಯವರ ಮನೆಗೆಲ್ಲ ಸರಿಯಾಗಿ ಬಿಟ್ಟೆ. ಸ್ವಂತದ್ದು ಬಂದಾಗ ಆರಿಂಚು ನುಂಗಿದೆ."

ಇನ್‌ಸ್ಪೆಕ್ಟರ್ ಅವರ ಮುಖವನ್ನೇ ಒಂದು ಗಳಿಗೆ ನೋಡಿದ. ಆಮೇಲೆ ಬರೆದುಕೊಂಡು, ಸಹಿ ಹಾಕಿಸಿಕೊಂಡು, ಗೋಡೆಯ ಮೇಲೆ ಕೆಂಪು ಬಣ್ಣದಲ್ಲಿ ಗುರುತು ಮಾಡಿ ಹೋದ.

"ಆರಿಂಚಿಗೆ ಹೆಸರು ಕೆಡಿಸ್ಕೊಂಡ್ರಲ್ಲ ಮೇಸ್ತ್ರಿ," ಎಂದರು ಟೀಚರಮ್ಮ. "ನಮ್ಮನೇಲಿ ಏನೇನು ನುಂಗಿದ್ದೀರೋ, ಯಾರಿಗ್ಗೊತ್ತು."

ಬಾಯಿ ತೆರೆದರೆ ಎಲ್ಲ ಹೊರಗೆ ಬರುತ್ತದೆಂದು ಮೇಸ್ತ್ರಿ ಹಲ್ಲು ಕಚ್ಚಿಕೊಂಡು ಜಗಲಿಯ ಮೇಲೆ ಕೂತುಬಿಟ್ಟರು.

ಮಗಳು ಎದುರಿಗೆ ಬಂದು ನಿಂತಳು. ಕಣ್ಣು ಕೆಂಪಾಗಿತ್ತು. "ಗೊತ್ತಿದ್ದೂ ಅರ್ಜಿ ಕೊಡು ಕೊಡು ಅಂತ ನನ್ನ ಪ್ರಾಣ ಯಾಕೆ ತಿಂದೆ?"

ಮೇಸ್ತ್ರಿ ಗೋಡೆಯ ಕೆಂಪು ಗುರುತಿನ ಕಡೆ ಮುಖ ತಿರುಗಿಸಿದರು. ಅವಳು ಒಳಗೆ ಹೋದಳು. ಮಷಿನ್ನು ಹಾಕಲು ಹಿತ್ತಲ ಕೋಣೆಯನ್ನಾದರೂ ಖಾಲಿ ಮಾಡಬೇಕಿತ್ತು. ಡಬ್ಬವೊಂದನ್ನು ಎಳೆದ ಸದ್ದಾಯಿತು, ಮತ್ತೊಂದು ಡಬ್ಬ. ಆಮೇಲೆ ಯಾವ ಸದ್ದೂ ಇಲ್ಲ.

ಮೇಸ್ತ್ರಿಗೆ ಆಗ ನೆನಪಾಯಿತು. ದಡಬಡಿಸಿ ಎದ್ದು ಒಳಗೆ ಹೋದರು. ಮಂಚದ ಮೇಲೆ ಕೋಲು ಹಾಗೇ ಮಲಗಿತ್ತು, ಪಕ್ಕದಲ್ಲಿ ಟೇಪು, ಹಿತ್ತಾಳೆಯ ಟೋಪಿಯಾಚೆ ಅದರ ಮೂರಿಂಚಿನ ಬಾಲ. ಮಗಳು ಅದನ್ನು ನೋಡುತ್ತಿರಲಿಲ್ಲ. ಕಿಟಕಿಯಿಂದ ಟೀಚರಮ್ಮನ ಮನೆಯ ಗೋಡೆಯನ್ನು ನೋಡುತ್ತಿದ್ದಳು.

"ಯಾರಿಗೂ ಹೇಳ್ಬೇಡಮ್ಮ," ಎಂದರು ಮೇಸ್ತ್ರಿ.

ಅವಳು ಕೋಲನ್ನೆತ್ತಿ ಅಟ್ಟದ ಮೇಲೆ, ಗೋಡೆಯ ಮೂಲೆಗೆ ಒತ್ತಿ ಇಟ್ಟಳು. ಸೆರಗಿನಿಂದ ಮೂಗು ಒರೆಸಿಕೊಂಡು ಮುಂದಿನ ಕೋಣೆಗೆ ನಡೆದಳು. ಇಬ್ಬರೂ ಎರಡು ಕಡೆ ಹಿಡಿದು ಮಷಿನ್ನನ್ನು ಹಿತ್ತಲ ಕೋಣೆಯ ಬಾಗಿಲವರೆಗೆ ತಂದು ಇಳಿಸಿದರು. ಬಾಗಿಲು ಕಿರಿದು. ಮೇಸ್ತ್ರಿ ಅಭ್ಯಾಸಬಲದಿಂದ ಗೇಣು ಹಾಕಲು ಕೈಯೆತ್ತಿ, ಹಾಗೇ ಕೆಳಗೆ ಬಿಟ್ಟರು.

ಮಗಳು ಕೊರಳಿನಿಂದ ತನ್ನ ಹೊಸ ಟೇಪು ತೆಗೆದು ಅವರ ಅಂಗೈಯಲ್ಲಿಟ್ಟಳು.

"ನೀನೇ ಅಳತೆ ನೋಡಪ್ಪಾ."

ಅವರು ಟೇಪಿನ ತುದಿಯನ್ನು ಚೌಕಟ್ಟಿಗೆ ಹೆಬ್ಬೆರಳಿನಿಂದ ಒತ್ತಿ ಹಿಡಿದು ಇನ್ನೊಂದು ಕಡೆಗೆ ಎಳೆದರು. ಕಣ್ಣು ತುಂಬಿ ಅಂಕಿಗಳು ಕಲಸಿಹೋಗಿದ್ದವು.

"ಎಷ್ಟು?" ಎಂದಳು ಅವಳು.

"ತಡಿ, ಇನ್ನೊಂದ್ಸಲ ನೋಡ್ತೀನಿ," ಎಂದರು ಮೇಸ್ತ್ರಿ.