ಉಸಿರು ಕೊಟ್ಟವರಿಗೆ ಉತ್ತರ ಕೊಡುವವರು ಯಾರು?

ಬೇಕರಿ ಕೆಲಸದವರಿಗೆ ಕೆಮ್ಮು ಹೊಸದೇನಲ್ಲ. ಹಿಟ್ಟಿನ ಚೀಲ ಖಾಲಿಯಾದ ಮೇಲೆ ಎರಡೂ ಕೈಯಲ್ಲಿ ಹಿಡಿದು ಪಟಪಟನೆ ಕೊಡವಬೇಕು, ಒಂದು ಹಿಡಿ ಹಿಟ್ಟೂ ಪೋಲಾಗಬಾರದು. ಅದು ಅಲ್ಲಿಯ ಪದ್ಧತಿ. ಕೊಡವಿದವನ ಮೀಸೆ, ರೆಪ್ಪೆ ಎಲ್ಲ ಬೆಳ್ಳಗಾಗುತ್ತದೆ. ಮೂವತ್ತಕ್ಕೇ ಮುದುಕನಾದ ಎಂದು ಪಕ್ಕದವರು ನಗುತ್ತಾರೆ.

ಹಾಗೆ ಏಳುವ ಧೂಳೇ ಎದೆಗೆ ಶತ್ರು ಎಂದು ಕಂಡುಕೊಂಡವಳು ವಿಶ್ವವಿದ್ಯಾಲಯದ ಒಬ್ಬ ಸಂಶೋಧಕಿ. ಮೂರು ವರ್ಷದ ಹಿಂದೆ ನಲವತ್ತು ಕೆಲಸಗಾರರಿಂದ ಕೊಳವೆಯೊಳಗೆ ಊದಿಸಿ ಉಸಿರು ಅಳೆದಿದ್ದಳು. ಪ್ರಬಂಧ ದೊಡ್ಡ ಪತ್ರಿಕೆಯಲ್ಲಿ ಅಚ್ಚಾಯಿತು. ಓದಿದವರು ಎಷ್ಟು ಜನವೋ, ಅವಳೊಂದಿಗೆ ಆ ಬಗ್ಗೆ ಮಾತನಾಡಿದವರು ಒಬ್ಬರೂ ಇಲ್ಲ. ಮೂರನೇ ಮಹಡಿಯ ಕೋಣೆಯಲ್ಲಿ ಬಾಗಿಲು ಮುಚ್ಚಿಕೊಂಡು ಊಟದ ಡಬ್ಬಿ ತೆರೆಯುವುದು, ಉಂಡು ಮುಚ್ಚುವುದು. ಆ ವಿಭಾಗದಲ್ಲಿ ಎಲ್ಲರ ಬಾಗಿಲೂ ಹಾಗೆಯೇ. ಕೆಲವು ದಿನ ಸಂಜೆಯವರೆಗೂ ಅವಳಿಗೆ ತನ್ನ ದನಿಯೇ ಕೇಳಿಸುತ್ತಿರಲಿಲ್ಲ.

ಒಂದು ದಿನ ಬ್ರೆಡ್ಡು ಕೊಳ್ಳಲು ಹೋದಾಗ ಬೇಕರಿಯ ಮೇಸ್ತ್ರಿ ಅವಳ ಗುರುತು ಹಿಡಿದ. ಅವಳ ಪುಸ್ತಕದಲ್ಲಿ ಅವನು ಬರೀ ಇಪ್ಪತ್ತಮೂರನೇ ನಂಬರು.

"ಊದಿಸ್ಕೊಂಡು ಹೋದೋರು ನೀವೇ ಅಲ್ವಾ? ಏನು ಬಂತು ಮೇಡಂ ಅದ್ರಲ್ಲಿ?"

ಅವಳು ಧೂಳಿನ ವಿಷಯ ಹೇಳಿದಳು. ಮೇಸ್ತ್ರಿ ನಕ್ಕ, ನಗುತ್ತಲೇ ಕೆಮ್ಮಿದ.

"ಹಿಟ್ಟು ತಿನ್ನೋ ವಸ್ತು. ಹೊಟ್ಟೆಗೆ ಒಗ್ಗೋದು ಎದೆಗೆ ಒಗ್ಗಲ್ವಾ?"

"ನೀರೂ ಕುಡಿಯೋದೇ ಅಣ್ಣಾ. ಮೂಗಿಗೆ ಹೋದ್ರೆ?"

ಅವನ ನಗು ನಿಂತಿತು. ಒಳಗೆ ಅವನ ಮಗಳು ಚೀಲ ಕೊಡವುತ್ತಿದ್ದಳು. ಕೆಲಸಕ್ಕೆ ಸೇರಿ ಎಂಟು ತಿಂಗಳು.

"ಇದನ್ನ ಆವಾಗಲೇ ಹೇಳಿದ್ರೆ ಇವಳನ್ನ ಈ ಕೆಲಸಕ್ಕೆ ಹಚ್ತಿರಲಿಲ್ಲ" ಎಂದ. "ಏನಾಯ್ತು ಅಂತ ಕೇಳೋಣ ಅಂತ ಎರಡು ಸಲ ನಿಮ್ಮಲ್ಲಿಗೆ ಬಂದಿದ್ದೆ. ಗೇಟಲ್ಲಿ ಯಾರನ್ನ ನೋಡ್ಬೇಕು ಅಂದ್ರು. ನಿಮ್ಮ ಹೆಸರು ಗೊತ್ತಿರಲಿಲ್ಲ. ವಾಪಸ್ ಕಳಿಸಿದ್ರು."

ಅವಳಿಗೆ ತನ್ನ ಮುಚ್ಚಿದ ಬಾಗಿಲು ನೆನಪಾಯಿತು. ಆ ಎರಡು ದಿನವೂ ತಾನು ಮೇಲೆ ಒಬ್ಬಳೇ ಕೂತಿದ್ದಿರಬೇಕು, ಯಾರಾದರೂ ಬಾಗಿಲು ತಟ್ಟಬಾರದೇ ಎಂದುಕೊಳ್ಳುತ್ತ.

ಮರುದಿನ ವಿಭಾಗದ ಮುಖ್ಯಸ್ಥರ ಬಳಿ ಹೋಗಿ, ನಲವತ್ತು ಜನಕ್ಕೂ ಫಲಿತಾಂಶ ಹೇಳಬೇಕು ಎಂದಳು.

"ಪ್ರಬಂಧ ಬಂತಲ್ಲಮ್ಮ, ಮುಗೀತು. ಬೇಕರಿಗೆ ಹೋಗೋದಿದ್ರೆ ರಜೆ ಹಾಕಿ ಹೋಗಿ. ಬಡ್ತಿ ಕೊಡುವಾಗ ಅದನ್ನ ಯಾರೂ ನೋಡಲ್ಲ."

"ಅದಕ್ಕೇ ನಾವ್ಯಾರೂ ಹೋಗಲ್ಲ ಸರ್. ಅವರು ಗೇಟಿನವರೆಗೂ ಬಂದಿದ್ರು. ನಾವು ಮೆಟ್ಟಿಲೂ ಇಳೀಲಿಲ್ಲ."

ಮುಖ್ಯಸ್ಥರು ಕನ್ನಡಕ ತೆಗೆದಿಟ್ಟರು. "ಇಪ್ಪತ್ತಾರು ವರ್ಷ ಆಯ್ತು ನಾನಿಲ್ಲಿ ಬಂದು. ನಾನು ಏನು ಕಂಡುಹಿಡಿದೆ ಅಂತ ಹೊರಗಿನವರು ಒಬ್ಬರೂ ನನ್ನ ಕೇಳಿಲ್ಲ" ಎಂದರು. ಅವರ ದನಿ ಸಣ್ಣಗಾಗಿತ್ತು.

ಮುಖ್ಯಸ್ಥರೇ ವಿಷಯ ಮೇಲಕ್ಕೆ ಒಯ್ದರು. ಮೂರು ಸಭೆ, ಬೇಕಾದಷ್ಟು ಗೊಣಗಾಟ ಆದ ಮೇಲೆ ವಿಶ್ವವಿದ್ಯಾಲಯದ ಆದೇಶ ಹೊರಬಿತ್ತು. ಸಂಶೋಧನೆಗೆ ನೆರವಾದವರಿಗೆ ಪ್ರತಿ ಬುಧವಾರ ಬೆಳಿಗ್ಗೆ ಗೇಟು ತೆರೆದಿರುತ್ತದೆ, ಹೆಸರು ಗೊತ್ತಿಲ್ಲದಿದ್ದರೂ ಸರಿ. ಅವರಿಗೆ ಉತ್ತರ ಹೇಳುವುದು ಕೆಲಸವೇ, ರಜೆಯಲ್ಲ. ಬಡ್ತಿಗೂ ಅದನ್ನು ಪರಿಗಣಿಸಲಾಗುತ್ತದೆ.

ಮೊದಲ ಬುಧವಾರ ಬಂದವರು ಇಬ್ಬರೇ, ಮೇಸ್ತ್ರಿ ಮತ್ತು ಅವನ ಮಗಳು. ಚೀಲ ಕೊಡವಬೇಡಿ, ಮೆಲ್ಲಗೆ ಸುತ್ತಿಡಿ; ನೆಲ ಗುಡಿಸಬೇಡಿ, ಒದ್ದೆ ಬಟ್ಟೆಯಲ್ಲಿ ಒರೆಸಿ; ಮಾಸ್ಕ್ ಹಾಕಿ; ಕೆಮ್ಮು ಬಿಡದಿದ್ದರೆ ವೈದ್ಯರನ್ನು ನೋಡಿ ಎಂದು ಅವಳು ಬಿಡಿಸಿ ಹೇಳಿದಳು. "ಇಷ್ಟೇನಾ? ನಾಳೆಯಿಂದ ಯಾರಿಗೂ ಕೊಡವೋಕೆ ಬಿಡಲ್ಲ" ಎಂದಳು ಮಗಳು. ಆಮೇಲೆ ಇಬ್ಬರೂ ಊದಿದರು. ಅಪ್ಪನ ಅಂಕಿ ಮೂರು ವರ್ಷದ ಹಿಂದಿಗಿಂತ ಬಹಳ ಕೆಳಗಿಳಿದಿತ್ತು. ಮಗಳದು ಚೆನ್ನಾಗಿತ್ತು. ಮೇಸ್ತ್ರಿ ಮಗಳ ಅಂಕಿಯನ್ನೇ ಎರಡು ಸಲ ಹೇಳಿಸಿಕೊಂಡ.

"ನಂದು ಹೋಗಿದ್ದು ಹೋಯ್ತು. ಮುಂಚೆನೇ ಗೊತ್ತಾಗಿದ್ರೆ ಇಷ್ಟು ಹೋಗ್ತಿರಲಿಲ್ವೇನೋ ಅಲ್ವಾ ಮೇಡಂ?"

ಅವಳು ಪುಸ್ತಕ ತೆರೆದು, ಇಪ್ಪತ್ತಮೂರರ ಎದುರು ಅವನ ಹೆಸರು ಕೇಳಿ ಬರೆದುಕೊಂಡಳು.

ಓದುಗರೇ, ಸಂಶೋಧನೆಗೆಂದು ನೀವು ರಕ್ತವನ್ನೋ ಉಸಿರನ್ನೋ ನಾಲ್ಕು ಮಾತನ್ನೋ ಕೊಟ್ಟಿದ್ದರೆ, ಹೋಗಿ ಕೇಳಿ: ಏನು ಗೊತ್ತಾಯಿತು? ಸಂಕೋಚ ಬೇಡ. ನೀವು ವಿಶ್ವವಿದ್ಯಾಲಯದವರಾಗಿದ್ದರೆ, ಅವರು ಬರುವವರೆಗೆ ಕಾಯದೆ ನೀವೇ ಇಳಿದು ಹೋಗಿ. ಹೋದವರಿಂದ ರಜೆ ಬರೆಸಬೇಡಿ. ನಿಮ್ಮ ಹೆಸರು ಗೊತ್ತಿಲ್ಲದ ಯಾರೋ ಈಗಲೂ ಗೇಟಿನಿಂದ ವಾಪಸ್ ಹೋಗುತ್ತಿರಬಹುದು.